ಹೊಳೆಯ ‘ಕಸುವು’, ಬಯಲಿನ ‘ಹಗೇವು’: ಈ ಪದಗಳು ಒಪ್ಪುತ್ತವೆಯೇ?

ಮಿತ್ರರೇ,

ನೆರೆಬಯಲಿನ (ನೆರೆ ಬಂದಾಗ ಮುಳುಗುವ, ಹೊಳೆಯ ಅಕ್ಕಪಕ್ಕದ ಬಯಲು) ಬಗ್ಗೆ ಪ್ರೌಢಶಾಲೆಯ ಮಕ್ಕಳಿಗೆ ಒಂದು ಲೇಖನ ಬರೆಯುತ್ತಿದ್ದೇನೆ. ಮೂರು ಕಡೆ ಪದ ಸಿಗದೆ ಕೂತಿದ್ದೇನೆ.

ಮೊದಲನೆಯದು ‘ಸ್ಟ್ರೀಮ್ ಪವರ್’, ಅಂದರೆ ಹರಿಯುವ ನೀರು ತನ್ನ ಪಾತ್ರದ ಮೇಲೆ ಹಾಕುವ ಬಲದ ಅಳತೆ. ನೀರಿನ ಸಾಂದ್ರತೆ, ಗುರುತ್ವ, ಹರಿವಿನ ಪ್ರಮಾಣ, ಪಾತ್ರದ ಇಳಿಜಾರು ಎಲ್ಲವನ್ನೂ ಗುಣಿಸಿ ಅಗಲದಿಂದ ಭಾಗಿಸಿದರೆ ಚದರ ಮೀಟರಿಗೆ ಇಷ್ಟು ವ್ಯಾಟ್ ಎಂದು ಬರುತ್ತದೆ. ಭೂರೂಪ ವಿಜ್ಞಾನಿಗಳಾದ ನ್ಯಾನ್ಸನ್ ಮತ್ತು ಕ್ರೋಕ್ 1992ರಲ್ಲಿ ನೆರೆಬಯಲುಗಳನ್ನು ವಿಂಗಡಿಸುವಾಗ ಹಿಡಿದದ್ದು ಇದೇ ಅಳತೆಯನ್ನು: 10ಕ್ಕಿಂತ ಕಡಿಮೆ, 10ರಿಂದ 300, ಅದಕ್ಕೂ ಮೇಲೆ. ‘ರಭಸ’ ಎಂದರೆ ಬರೀ ವೇಗವಾಯಿತು. ಪಠ್ಯಪುಸ್ತಕದ ‘ಸಾಮರ್ಥ್ಯ’ ಬಳಸಿದರೆ ಜಲಾಶಯದ ಟಿಎಂಸಿ ನೆನಪಾಗುತ್ತದೆ. ‘ಹೊಳೆಯ ಕಸುವು’ ಎಂದು ಬರೆದೆ. ಆದರೆ ಕಸುವು ಹೊಲಕ್ಕೂ ಉಂಟಲ್ಲ! “ಹೊಳೆಯ ಕಸುವು ತಗ್ಗಿದಲ್ಲಿ ನೆಲದ ಕಸುವು ಹೆಚ್ಚುತ್ತದೆ” ಎಂಬ ವಾಕ್ಯ ಓದಿ ಮನೆಯವರು ನಕ್ಕರು.

ಎರಡನೆಯದು ನೀರು ತರುವ ಮಣ್ಣು. ನೆರೆ ಇಳಿದ ಮೇಲೆ ಹರಿಹರದ ಬಳಿ ತುಂಗಭದ್ರೆಯ ದಂಡೆಯ ಹೊಲವೊಂದಕ್ಕೆ ಹೋಗಿದ್ದೆ. ಹೊಳೆಯ ಅಂಚಿನಲ್ಲಿ ಕಾಲಡಿ ಗರಗರ ಎನ್ನುವ ಉಸುಕು. ಐವತ್ತು ಹೆಜ್ಜೆ ಒಳಗೆ ಬಂದರೆ ನುಣ್ಣನೆಯ ಕೆಸರು ಒಣಗಿ, ಬಿಸಿಲಿಗಿಟ್ಟ ಹಪ್ಪಳದಂತೆ ಅಂಚು ಎತ್ತಿಕೊಂಡಿತ್ತು. ಹೊಲದ ಯಜಮಾನರು ಉಸುಕನ್ನು ಬೈದರು, ಕೆಸರಿನ ಚಕ್ಕೆಯನ್ನು ಬೆರಳಲ್ಲಿ ಉಜ್ಜಿ “ಮೆಕ್ಕಲು” ಎಂದರು. ಹೂಳು ಎನ್ನಬಹುದೇ ಎಂದು ಕೇಳಿದೆ. “ಹೂಳು ಕೆರೆಯಲ್ಲಿರುವುದು. ಅದನ್ನೇ ಹೊಲಕ್ಕೆ ಹೊಡೆದರೆ ಗೋಡು.” ಮಣ್ಣು ಒಂದೇ, ಕೂತ ಜಾಗಕ್ಕೆ ತಕ್ಕ ಹೆಸರು. ಪತ್ರಿಕೆಗಳು ಎಲ್ಲಕ್ಕೂ ‘ಹೂಳು’ ಎನ್ನುವುದು ನನಗೆ ಸರಿಬರುವುದಿಲ್ಲ. ಎತ್ತಿ ಎಸೆಯಬೇಕೆಂಬ ತೀರ್ಪು ಆ ಪದದ ಬೆನ್ನಿಗೇ ಇರುತ್ತದೆ. ಇನ್ನು ‘ಗಷ್ಟು’ ಅಡುಗೆಮನೆ ಬಿಟ್ಟು ಬರಲೊಲ್ಲದು.

ಮೂರನೆಯದು ಇಂಗಾಲದ ದಾಸ್ತಾನು. ಎಲೆ, ಬೇರು ಕೊಳೆತ ಇಂಗಾಲ ಜೇಡಿಯ ಕಣಗಳಿಗೆ ಅಂಟಿಕೊಳ್ಳುತ್ತದೆ. ಮೇಲೆ ಪದರ ಬಿದ್ದು, ನೀರು ನಿಂತು ಗಾಳಿಯಾಡದಿದ್ದರೆ ಬಹುಕಾಲ ಉಳಿಯುತ್ತದೆ. ಕಸುವಿನ ಹೊಳೆ ಜೇಡಿಯನ್ನು ಕೂರಗೊಡುವುದಿಲ್ಲ. ಉಸುಕು, ಗುಂಡುಕಲ್ಲು ಹಾಸಿ, ಮುಂದಿನ ನೆರೆಯಲ್ಲಿ ಅದನ್ನೂ ಕೆದಕುತ್ತದೆ. ಇಂಗಾಲ ಹೀಗೆ ಕೂಡಿ ಉಳಿಯುವ ಬಯಲಿಗೆ ನನಗೆ ಹೊಳೆದದ್ದು ‘ಹಗೇವು’. ನಮ್ಮ ದಾವಣಗೆರೆ, ಚಿತ್ರದುರ್ಗದ ಹಳಬರಿಗೆ ವಿವರಿಸಬೇಕಿಲ್ಲ: ಜೋಳ ತುಂಬಿ ಬಾಯಿ ಮುಚ್ಚುವ ನೆಲದಡಿಯ ಕಣಜ. ಗಾಳಿ ಇಲ್ಲದ್ದರಿಂದಲೇ ಕಾಳು ಕೆಡುವುದಿಲ್ಲ. ತೆರೆದೊಡನೆ ಇಳಿಯುವಂತಿಲ್ಲ, ದೀಪ ಇಳಿಬಿಟ್ಟು ನೋಡಬೇಕು. ಒಳಗೆ ಕಟ್ಟಿಕೊಂಡಿರುವುದು ಇಂಗಾಲದ ಡೈಆಕ್ಸೈಡ್. ದಂಡೆ ಕುಸಿದೋ ಜೌಗು ಬಸಿದೋ ಮೆಕ್ಕಲಿಗೆ ಗಾಳಿ ತಾಗಿದರೆ ಅಲ್ಲಿಂದ ಹೊರಡುವುದೂ ಅದೇ ಅನಿಲ.

ಆದರೆ ಹಗೇವನ್ನು ಮನುಷ್ಯರು ತುಂಬುತ್ತಾರೆ. ಹೊಳೆ ತಾನಾಗಿ ತುಂಬಿದ್ದಕ್ಕೆ ಆ ಹೆಸರು ಒಪ್ಪೀತೇ? ಹೊನ್ನಾಳಿಯವರು, ವೇದಾವತಿಯ ದಂಡೆಯ ಹಿರಿಯೂರಿನವರು ಯಾರಾದರೂ ಇದ್ದರೆ ಇನ್ನೊಂದು ಮಾತು: ಇನ್ನೂ ಎಲ್ಲಿಯೂ ಕೂರದೆ ಕೆನ್ನೀರಿನಲ್ಲಿ ಸಾಗುತ್ತಿರುವ ಮಣ್ಣಿಗೆ ನಿಮ್ಮಲ್ಲಿ ಏನೆನ್ನುತ್ತಾರೆ?