ಆಂಪ್ಲಿಫೈಯರಿನ ‘ಬ್ರಿಡ್ಜ್’: ಸೇತುವೆಯೋ, ಸಂಕವೋ?

ಬಳಗದವರಿಗೆ ನಮಸ್ಕಾರ.

ನಾನು ಚಾಮರಾಜಪೇಟೆಯಲ್ಲಿ ಆಂಪ್ಲಿಫೈಯರ್ ರಿಪೇರಿ ಮಾಡುವವನು. ಗಣೇಶನ ಹಬ್ಬದಿಂದ ರಾಜ್ಯೋತ್ಸವದವರೆಗೆ ನಮ್ಮ ಅಂಗಡಿಗೆ ಬಿಡುವೇ ಇರುವುದಿಲ್ಲ. ಪೆಂಡಾಲುಗಳಿಗೆ ಸೌಂಡ್ ಸೆಟ್ ಹಾಕುವ ಹುಡುಗರಿಗಾಗಿ, ಆಂಪ್ಲಿಫೈಯರಿನ ಮುಚ್ಚಳಕ್ಕೆ ಅಂಟಿಸಲು ಕನ್ನಡದಲ್ಲಿ ಒಂದು ಸೂಚನೆ ಚೀಟಿ ಬರೆಯುತ್ತಿದ್ದೇನೆ. ‘ಬ್ರಿಡ್ಜ್’ ಎಂಬಲ್ಲಿಗೆ ಬಂದು ನಿಂತಿದ್ದೇನೆ: ಆಂಪ್ಲಿಫೈಯರಿನ ಎರಡು ಚಾನೆಲ್‌ಗಳನ್ನೂ, ಅಂದರೆ ಎಡ-ಬಲದ ಎರಡು ಭಾಗಗಳನ್ನೂ, ಒಂದೇ ಸ್ಪೀಕರಿಗಾಗಿ ದುಡಿಸುವುದಕ್ಕೆ ಈ ಹೆಸರು. ಪದ ಬಲ್ಲವರ ನೆರವು ಬೇಕು.

ಮೊದಲ ಚೀಟಿಯಲ್ಲಿ ‘ಬ್ರಿಡ್ಜ್ ಮಾಡಲು ಎರಡೂ ಚಾನೆಲ್‌ಗಳನ್ನು ಸೇರಿಸಿ’ ಎಂದು ಬರೆದಿದ್ದೆ. ಹೊಸದಾಗಿ ಕೆಲಸಕ್ಕೆ ಬಂದ ಹುಡುಗ ಅದನ್ನು ಓದಿ, ಎರಡು ಚಾನೆಲ್‌ಗಳ ಕೆಂಪು ಟರ್ಮಿನಲ್‌ಗಳ ನಡುವೆ ಗೇಣುದ್ದದ ತಾಮ್ರದ ತಂತಿ ಸುತ್ತಿ ಬಿಗಿಮಾಡುತ್ತಿದ್ದ. ಸ್ವಿಚ್ ಒತ್ತುವ ಮೊದಲೇ ನನ್ನ ಕಣ್ಣಿಗೆ ಬಿತ್ತು. ಒತ್ತಿದ್ದರೆ ಎರಡು ಔಟ್‌ಪುಟ್‌ಗಳು ಒಂದಕ್ಕೊಂದು ಶಾರ್ಟ್ ಆಗುತ್ತಿದ್ದವು. ರಕ್ಷಣೆಯ ಸರ್ಕ್ಯೂಟ್ ಕೈಕೊಟ್ಟರೆ ಟ್ರಾನ್ಸಿಸ್ಟರ್‌ಗಳು ಸುಟ್ಟೇ ಹೋಗುತ್ತಿದ್ದವು. ಹುಡುಗನ ತಪ್ಪು ಏನೂ ಇಲ್ಲ. ನಾನು ಬರೆದದ್ದನ್ನೇ ಅವನು ಮಾಡಿದ್ದ.

ಆಗುವುದು ಇಷ್ಟು. ಸ್ಟೀರಿಯೊ ಆಂಪ್ಲಿಫೈಯರಿನ ಹಿಂಬದಿಯ ಬ್ರಿಡ್ಜ್ ಸ್ವಿಚ್ ಹಾಕಿದಾಗ, ಒಂದೇ ಸಂಕೇತ (ಸಿಗ್ನಲ್) ಎರಡೂ ಚಾನೆಲ್‌ಗಳಿಗೆ ಹೋಗುತ್ತದೆ, ಆದರೆ ಒಂದಕ್ಕೆ ತಲೆಕೆಳಗಾಗಿ. ಸ್ಪೀಕರಿನ ಒಂದು ತಂತಿ ಒಂದು ಚಾನೆಲಿನ ಕೆಂಪಿಗೆ, ಇನ್ನೊಂದು ತಂತಿ ಇನ್ನೊಂದು ಚಾನೆಲಿನ ಕೆಂಪಿಗೆ. ಮರ ಕೊಯ್ಯುವ ದೊಡ್ಡ ಗರಗಸ ಹಿಡಿದ ಇಬ್ಬರನ್ನು ನೆನೆಯಿರಿ: ಒಬ್ಬ ಎಳೆಯುವಾಗ ಇನ್ನೊಬ್ಬ ಬಿಟ್ಟುಕೊಡಬೇಕು. ಇಬ್ಬರೂ ಒಟ್ಟಿಗೆ ಎಳೆದರೆ ಗರಗಸ ಅಲುಗುವುದಿಲ್ಲ. ಸಂಕೇತ ತಲೆಕೆಳಗಾಗದೆ ಎರಡೂ ಚಾನೆಲ್ ಒಂದೇ ರೀತಿ ನಡೆದರೆ ಸ್ಪೀಕರಿನಿಂದಲೂ ಸದ್ದು ಹೊರಡುವುದಿಲ್ಲ.

ಹಾಗಾದರೆ ಇಲ್ಲಿ ಬ್ರಿಡ್ಜ್ ಯಾವುದು? ತಂತಿಯಲ್ಲ, ಸ್ವಿಚ್ಚೂ ಅಲ್ಲ. ಸ್ಪೀಕರೇ. 1833ರಲ್ಲಿ ಕ್ರಿಸ್ಟಿ ರೂಪಿಸಿ, 1843ರಲ್ಲಿ ವೀಟ್‌ಸ್ಟೋನ್ ಜನಪ್ರಿಯಗೊಳಿಸಿದ, ಪಾಠದಲ್ಲಿ ‘ವೀಟ್‌ಸ್ಟೋನ್ ಸೇತುವೆ’ ಎಂದು ಓದುವ ಸರ್ಕ್ಯೂಟಿನಲ್ಲೂ ವಿದ್ಯುತ್ ಹರಿವನ್ನು ತೋರುವ ಗ್ಯಾಲ್ವನೋಮೀಟರ್ ಹೀಗೆಯೇ ಎರಡು ತೋಳುಗಳ ನಡುವೆ ಅಡ್ಡಲಾಗಿ ಕೂರುತ್ತದೆ. ಆ ಪಾಠದ ‘ಸೇತುವೆ’ಯನ್ನೇ ತೆಗೆದುಕೊಳ್ಳೋಣ ಎಂದುಕೊಂಡೆ. ಆದರೆ ‘ಸೇತು’ವಿನ ಬೇರಿನಲ್ಲಿ ಕಟ್ಟುವ, ಬಂಧಿಸುವ ಅರ್ಥವೇ ಇದೆ, ಒಡ್ಡಿಗೂ ಕಟ್ಟೆಗೂ ಸೇತು ಎನ್ನುತ್ತಿದ್ದರು. ‘ಸೇತುವೆ ಕಟ್ಟಿ’ ಎಂದರೆ ಹುಡುಗ ಮತ್ತೆ ತಂತಿ ಹುಡುಕಿಕೊಂಡು ಹೋಗುತ್ತಾನೆ.

ನನ್ನ ಊರು ತೀರ್ಥಹಳ್ಳಿಯ ಕಡೆ. ಮಳೆಗಾಲದಲ್ಲಿ ಹಳ್ಳ ದಾಟಲು ಅಡಿಕೆ ಮರದ ಸಂಕ ಹಾಕುತ್ತಿದ್ದೆವು. ಒಂದು ತುದಿ ಈ ದಡದಲ್ಲಿ, ಇನ್ನೊಂದು ಆ ದಡದಲ್ಲಿ, ಕೆಳಗೆ ಹರಿಯುವ ನೀರು. ಸಂಕ ನೀರಿಗೆ ತಾಗುವಂತಿಲ್ಲ. ಬ್ರಿಡ್ಜ್ ಮಾಡಿದ ಸ್ಪೀಕರಿಗೂ ಇದೇ ಕಟ್ಟಳೆ: ಎರಡು ತುದಿಗಳೂ ಜೀವಂತ, ಯಾವುದೂ ಗ್ರೌಂಡ್‌ಗೆ ತಾಗಕೂಡದು. ಕಪ್ಪು ತಂತಿಯನ್ನು ಅಭ್ಯಾಸಬಲದಿಂದ ಗ್ರೌಂಡ್ ಆದ ಕಪ್ಪು ಟರ್ಮಿನಲಿಗೆ ಹಾಕಬಾರದು. ಪರೀಕ್ಷೆ ಮಾಡುವಾಗ, ಸಂಕೇತದ ಅಲೆಯನ್ನು ತೆರೆಯ ಮೇಲೆ ತೋರುವ ಆಸಿಲೋಸ್ಕೋಪಿನ ಗ್ರೌಂಡ್ ಕ್ಲಿಪ್ಪನ್ನು ಎರಡರಲ್ಲಿ ಯಾವ ತುದಿಗೂ ಕಚ್ಚಿಸಬಾರದು. ‘ಸಂಕ’ ಎಂಬ ಒಂದೇ ಪದ ಇಷ್ಟನ್ನೂ ಹೇಳಿಬಿಡುತ್ತದೆ. ಸಂಸ್ಕೃತದ ‘ಸಂಕ್ರಮ’ಕ್ಕೆ ದಾಟುವ ದಾರಿ ಎಂಬ ಅರ್ಥವಿದೆ, ಸಂಕ ಅದರ ತದ್ಭವವೆಂದೇ ನನ್ನ ಎಣಿಕೆ. ಬಯಲುಸೀಮೆಯ ಓದುಗರ ಕಿವಿಗೆ ಇದು ಹೇಗೆ ಬೀಳುತ್ತದೆ, ತಿಳಿಸಿ.

ಎರಡನೆಯ ತೊಡಕು ‘ಕನಿಷ್ಠ ಲೋಡ್ 8 ಓಮ್’ ಎಂಬ ಸಾಲು. ಓಮ್ ಎಂದರೆ ಸ್ಪೀಕರ್ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ, ಅದು ಕಡಿಮೆಯಾದಷ್ಟೂ ಆಂಪ್ಲಿಫೈಯರಿಗೆ ಹೊರೆ ಹೆಚ್ಚು. ಕನ್ನಡದಲ್ಲಿ ಓದಿದವನಿಗೆ ತೋರುವುದು ತಿರುಗಾಮುರುಗಾ: ‘ನಾಲ್ಕು ಎಂಟಕ್ಕಿಂತ ಹಗುರ ತಾನೆ?’ ಎಂದು ನಮ್ಮ ಹುಡುಗನೇ ಕೇಳಿದ. ಬ್ರಿಡ್ಜ್ ಆದಾಗ ಸ್ಪೀಕರಿನ ಅರ್ಧದಷ್ಟು ಓಮ್ ಮಾತ್ರ ಪ್ರತಿ ಚಾನೆಲಿನ ಪಾಲಿಗೆ ಬರುತ್ತದೆ. 8 ಓಮ್ ಬಾಕ್ಸ್ ಒಂದಿದ್ದರೆ ಚಾನೆಲಿಗೆ 4. ಅಂಥ ಎರಡು ಬಾಕ್ಸ್‌ಗಳನ್ನು ಸಮಾಂತರವಾಗಿ ಹಾಕಿದರೆ ಚಾನೆಲಿಗೆ 2. ಚಾನೆಲಿಗೆ 4 ಓಮ್‌ವರೆಗೆ ಮಾತ್ರ ತಡೆಯುವ ಆಂಪ್ಲಿಫೈಯರ್ ಅಲ್ಲಿಗೆ ಕಾದು ಸುಸ್ತಾಗುತ್ತದೆ. ಆದ್ದರಿಂದ ‘ಕನಿಷ್ಠ’ವನ್ನು ಕೈಬಿಟ್ಟು ‘8 ಓಮ್‌ಗಿಂತ ಕೆಳಗೆ ಇಳಿಯಬೇಡಿ’ ಎಂದು ಬರೆದಿದ್ದೇನೆ.

ವ್ಯಾಟ್ ವಿಚಾರಕ್ಕೆ ಪದದ ತೊಂದರೆಯಿಲ್ಲ. 8 ಓಮ್‌ಗೆ ಚಾನೆಲೊಂದರಿಂದ 100 ವ್ಯಾಟ್ ಕೊಡುವ ಯಂತ್ರ, ಬ್ರಿಡ್ಜ್ ಆದಾಗ ವೋಲ್ಟೇಜ್ ಇಮ್ಮಡಿಯಾಗಿ ಕಾಗದದ ಮೇಲೆ 400 ಕೊಡಬೇಕು. ನಿಜದಲ್ಲಿ ಅದಕ್ಕಿಂತ ಕಡಿಮೆ. ಆದರೂ ಬಾಕ್ಸಿನ ಕಾಯಿಲ್ ಸುಡಲು ಸಾಕು.

ಈಗ ಚೀಟಿಯ ಸಾಲು ಹೀಗಿದೆ: ‘ಪವರ್ ಆಫ್ ಮಾಡಿ. ಹಿಂಬದಿಯ ಸ್ವಿಚ್ಚನ್ನು ಬ್ರಿಡ್ಜ್‌ಗೆ ತಿರುಗಿಸಿ. ಒಂದು ಕೆಂಪಿನಿಂದ ಇನ್ನೊಂದು ಕೆಂಪಿಗೆ ಸ್ಪೀಕರನ್ನು ಅಡ್ಡ ಹಾಕಿ. ಕಪ್ಪು ಟರ್ಮಿನಲ್ ಮುಟ್ಟಬೇಡಿ.’

‘ಸೇರಿಸು’ ಹೋಯಿತು, ಅದು ಸಮಾಧಾನ. ಆದರೆ ಬೆಂಗಳೂರಿನ ಬೀದಿಯಲ್ಲಿ ‘ಅಡ್ಡ ಹಾಕು’ ಎಂದರೆ ದಾರಿಗೆ ತಡೆಯೊಡ್ಡುವುದು, ಗಾಡಿ ನಿಲ್ಲಿಸುವುದು. ಸಂಕವನ್ನೂ ಹಳ್ಳಕ್ಕೆ ಅಡ್ಡ ಹಾಕುತ್ತೇವೆ, ಆದರೆ ಅದು ದಾಟಲು. ಇಲ್ಲಿ ‘ಅಡ್ಡಲಾಗಿ ಜೋಡಿಸಿ’ ಎಂದರೆ ಸರಿಯೋ, ಅಥವಾ ‘ಜೋಡಿಸಿ’ಯಲ್ಲೂ ‘ಸೇರಿಸಿ’ಯ ಅಪಾಯವೇ ಉಳಿಯುತ್ತದೆಯೋ?