ಪದಚರ್ಚೆ: ವ್ಯಾನಿನ ‘ಲೋಡು’ ಅಂದರೆ ಯಾವ ತೂಕ?

ಬಳಗದ ಎಲ್ಲರಿಗೂ ನಮಸ್ಕಾರ.

ಮೈಸೂರಿನ ಹೊರವಲಯದಲ್ಲಿ ವ್ಯಾನುಗಳಿಗೆ ಬಾಡಿ ಕಟ್ಟುವ ಗೆಳೆಯರೊಬ್ಬರಿದ್ದಾರೆ. ಮೊದಲೆಲ್ಲ ಗೂಡ್ಸ್ ವ್ಯಾನು, ಈಚೆಗೆ ಹೆಚ್ಚಾಗಿ ಮೊಬೈಲ್ ಕ್ಯಾಂಟೀನು. ಗಾಡಿ ಬಿಡಿಸಿಕೊಂಡು ಹೋಗುವವರ ಕೈಗೆ ಕೊಡಲು ಒಂದು ಪುಟದ ಚೀಟಿ ಬೇಕು, ಕನ್ನಡದಲ್ಲಿ ಬರೆದುಕೊಡಿ ಅಂದರು. ಎಂಥ ಟೈರು ಹಾಕಬೇಕು, ಎಂಥ ಡಿಸ್ಕು (ಟೈರು ಕೂರುವ ರಿಮ್ಮು), ಹಿಂದಿನ ಕಮಾನು ಪಟ್ಟಿ ಹೇಗಿರಬೇಕು, ಎಷ್ಟರವರೆಗೆ ಹೇರಬಹುದು, ಇಷ್ಟೇ. ಒಂದು ಪುಟ ತಾನೇ ಅಂತ ಒಪ್ಪಿಕೊಂಡೆ. ಎರಡನೇ ಸಾಲಿಗೇ ಕೆಲಸ ನಿಂತಿದೆ. ನಿಲ್ಲಿಸಿರುವುದು ‘ಲೋಡು’.

ಅದು ಇಂಗ್ಲಿಷಿನದು ಅನ್ನುವುದು ನನ್ನ ತಕರಾರಲ್ಲ. ಕಬ್ಬಿನ ಲೋಡು, ಮರಳಿನ ಲೋಡು, ಲೋಡು ಗಾಡಿ ಅಂತ ಮಂಡ್ಯದ ಕಡೆ ಮೂರು ತಲೆಮಾರಿನಿಂದ ಬಾಯಲ್ಲಿರುವ ಪದವನ್ನು ಹೊರಗಿನದು ಅನ್ನಲಾಗದು. ನನ್ನ ತಕರಾರು ಆ ಒಂದೇ ಪದ ನಾಲ್ಕು ಬೇರೆ ಬೇರೆ ತೂಕಗಳಿಗೆ ನಿಂತುಬಿಟ್ಟಿದೆ ಅನ್ನುವುದು. “ಲೋಡ್ ಎಷ್ಟಣ್ಣ?” ಅಂದರೆ ಗಾಡಿಯಲ್ಲಿ ತುಂಬಿರುವ ಸರಕು. “ಲೋಡ್ ಜಾಸ್ತಿ ಅಂತ ಹಿಡಿದ್ರು” ಅನ್ನುವಾಗ ಗಾಡಿ, ಸರಕು, ಡ್ರೈವರು, ಡೀಸೆಲ್ಲು ಎಲ್ಲ ಸೇರಿದ ಒಟ್ಟು ತೂಕ. “ಹಿಂದ್ಗಡೆ ಲೋಡ್ ಬೀಳ್ತಾ ಅದೆ” ಅಂದರೆ ಹಿಂದಿನ ಗಾಲಿಗಳ ಪಾಲಿಗೆ ಬಂದ ಭಾರ. “ಈ ಟೈರು ಲೋಡ್ ತಡೀತದಾ?” ಅಂತ ಕೇಳಿದಾಗ ಆ ಟೈರಿನ ಮಿತಿ. ಮಾತಿನಲ್ಲಿ ಸಂದರ್ಭ ಕೈಹಿಡಿಯುತ್ತದೆ, ಯಾರಿಗೂ ಗೊಂದಲವಿಲ್ಲ. ಚೀಟಿಯಲ್ಲಿ ಬರೆಯಹೊರಟರೆ ನಾಲ್ಕೂ ಒಂದರ ಮೇಲೊಂದು ಬೀಳುತ್ತವೆ. ಟೈರಿನ ಅಂಗಡಿಯಲ್ಲೂ ಹೀಗೇ ಬೀಳುತ್ತವೆ ಅನ್ನುವುದು ಗೆಳೆಯರ ಅನುಭವ. ಗಿರಾಕಿ ಹೇಳುವುದು ಸರಕಿನ ತೂಕ, ಅಂಗಡಿಯವನು ಲೆಕ್ಕ ಹಾಕುವುದು ಟೈರಿನ ಮಿತಿಯಲ್ಲಿ. ಮಧ್ಯದ ಗಾಡಿಯ ತೂಕವನ್ನು ಇಬ್ಬರೂ ಬಿಟ್ಟಿರುತ್ತಾರೆ.

ಮೊದಲು ‘ಖಾಲಿ ತೂಕ’. ಸರಕು ಗಾಡಿಯ ಪಕ್ಕದಲ್ಲಿ ಯು.ಎಲ್.ಡಬ್ಲ್ಯು. (ಅನ್‌ಲೇಡನ್ ವೆಯ್ಟ್), ಆರ್.ಎಲ್.ಡಬ್ಲ್ಯು. (ರಿಜಿಸ್ಟರ್ಡ್ ಲೇಡನ್ ವೆಯ್ಟ್) ಅಂತ ಪೇಂಟಿನಲ್ಲಿ ಬರೆದಿರುವುದನ್ನು ಎಲ್ಲರೂ ನೋಡಿರುತ್ತೀರಿ. ಮೊದಲನೆಯದಕ್ಕೆ ಖಾಲಿ ತೂಕ, ಎರಡನೆಯದಕ್ಕೆ ಒಟ್ಟು ತೂಕ ಅಂದರೆ ಸಾಕು ಅಂದುಕೊಂಡಿದ್ದೆ. ಕ್ಯಾಂಟೀನ್ ವ್ಯಾನಿಗೆ ಅದು ಸಾಲಲಿಲ್ಲ. ಅಡುಗೆ ಸಾಮಾನೆಲ್ಲ ಇಳಿಸಿದ ಮೇಲೆ ಮಾಲೀಕ “ಗಾಡಿ ಖಾಲಿ ಐತೆ” ಅನ್ನುತ್ತಾನೆ. ಆ ಖಾಲಿಯೊಳಗೆ ಸ್ಟೀಲಿನ ಕಪಾಟು, ದೋಸೆ ಕಾವಲಿ, ಗ್ರಾನೈಟ್ ಕಟ್ಟೆ, ಜನರೇಟರು, ಇನ್ನೂರು ಲೀಟರಿನ ನೀರಿನ ಟ್ಯಾಂಕು ಕೂತಿವೆ. ಟ್ಯಾಂಕು ತುಂಬಿದರೆ ನೀರೇ ಇನ್ನೂರು ಕಿಲೋ. ಎರಡು ಕಮರ್ಷಿಯಲ್ ಸಿಲಿಂಡರಿನಲ್ಲಿ ಗ್ಯಾಸು ಹತ್ತೊಂಬತ್ತು ಹತ್ತೊಂಬತ್ತು ಕಿಲೋ, ಕಬ್ಬಿಣದ ತೂಕ ಬೇರೆ. ಕಂಪನಿಯಿಂದ ಬಂದ ದಿನದ ಖಾಲಿ ತೂಕಕ್ಕೂ ಈ ‘ಖಾಲಿ’ಗೂ ಹೋಲಿಕೆಯೇ ಇಲ್ಲ. ಒಟ್ಟು ತೂಕದ ಮಿತಿ ಮಾತ್ರ ಇದ್ದಲ್ಲೇ ಇದೆ, ಹಾಗಾಗಿ ಹಿಟ್ಟು, ತರಕಾರಿ, ಜನಕ್ಕೆ ಉಳಿಯುವ ಪಾಲು ಕರಗುತ್ತದೆ. ಆದ್ದರಿಂದ ಕಂಪನಿಯ ತೂಕಕ್ಕೆ ‘ಬರಿ ಗಾಡಿ ತೂಕ’, ಬಾಡಿ ಕಟ್ಟಿ ಸಜ್ಜಾದ ಮೇಲಿನದಕ್ಕೆ ‘ಸಜ್ಜು ತೂಕ’ ಅಂತ ಬರೆದಿದ್ದೇನೆ. ‘ಸಜ್ಜು’ ಕುದುರೆ ಗಾಡಿಯ ಕಾಲದ ಪದ, ಟಾಂಗಾ ಕಂಡ ಮೈಸೂರಿನವರಿಗೆ ಅಪರಿಚಿತವಲ್ಲ. ಓದಿದ ಒಬ್ಬರು ಮಾತ್ರ ಮಾಳಿಗೆಯ ಸಜ್ಜಾ ನೆನಪಾಯಿತು ಅಂದರು. ನಿಮಗೂ ಹಾಗನ್ನಿಸುತ್ತದೆಯೇ?

ಸರಕಿನ ತೂಕಕ್ಕೆ ‘ಹೇರು’ ಇದೆ. ಒಂದು ಹೇರು ಜೋಳ, ಎತ್ತಿನ ಹೇರು. ಗಾಡಿಗೆ ಹೇರುವುದು ಅನ್ನುವ ಕ್ರಿಯಾಪದವೂ ಜೀವಂತವಾಗಿದೆ. ಅದರಿಂದ ‘ಹೇರಿಕೆ’ ಮಾಡೋಣವೆಂದರೆ ಆ ಪದವನ್ನು ಹಿಂದಿ ಆಗಲೇ ಗುತ್ತಿಗೆಗೆ ಹಿಡಿದಿದೆ. ‘ಹೇರಿಕೆ ಮಿತಿ 700 ಕಿಲೋ’ ಅಂತ ಬೋರ್ಡು ಹಾಕಿದರೆ ಜನ ಚಳವಳಿ ಅಂದುಕೊಳ್ಳುತ್ತಾರೆ. ‘ಹೊರೆ’ ಹುಲ್ಲಿಗೂ ಸಾಲಕ್ಕೂ ತೆರಿಗೆಗೂ ಹೋಯಿತು. ಸದ್ಯಕ್ಕೆ ‘ಸರಕಿನ ತೂಕ’ ಅಂತಲೇ ಬಿಟ್ಟಿದ್ದೇನೆ.

ಈಗ ನಿಜವಾಗಿ ಸಿಕ್ಕಿಕೊಂಡಿರುವ ಜಾಗಕ್ಕೆ ಬರುತ್ತೇನೆ. ಟೈರಿನ ಪಕ್ಕೆಯ ಮೇಲೆ ಅಚ್ಚಾಗಿರುವ ಸಾಲು (ಸೈಡ್‌ವಾಲಿಗೆ ‘ಪಕ್ಕೆ’ ಅನ್ನಲು ನನಗೆ ಯಾವ ಹಿಂಜರಿಕೆಯೂ ಇಲ್ಲ). ನನ್ನ ಮುಂದಿರುವ ವ್ಯಾನ್ ಟೈರಿನ ಮೇಲೆ ಹೀಗಿದೆ: 185 ಆರ್ 14 ಸಿ, 8 ಪಿಆರ್, 102/100 ಕ್ಯೂ. 185 ಅನ್ನುವುದು ಮಿಲಿಮೀಟರಿನಲ್ಲಿ ಅಗಲ, ಆರ್ ಅಂದರೆ ರೇಡಿಯಲ್, 14 ಇಂಚಿನಲ್ಲಿ ರಿಮ್ಮಿನ ಅಳತೆ, ಸಿ ಅಂದರೆ ಕಮರ್ಷಿಯಲ್ ಗಾಡಿಯದು. ಇಲ್ಲಿವರೆಗೆ ಕಷ್ಟವಿಲ್ಲ.

8 ಪಿಆರ್ (ಪ್ಲೈ ರೇಟಿಂಗ್) ಅನ್ನುವುದನ್ನು ಎಲ್ಲರೂ ‘ಎಂಟು ಪ್ಲೈ’ ಅನ್ನುತ್ತಾರೆ. ಅದನ್ನು ‘ಎಂಟು ಪದರ’ ಅಂತ ಬರೆದುಬಿಡುವುದು ಸುಲಭ, ಆದರೆ ತಪ್ಪು. ಟೈರಿನ ಒಳಗೆ ಹತ್ತಿಯ ಹುರಿಯ ಪದರ ಹಾಕುತ್ತಿದ್ದ ಕಾಲದಲ್ಲಿ ಪದರ ಎಣಿಸಿದರೆ ಗಟ್ಟಿತನ ಗೊತ್ತಾಗುತ್ತಿತ್ತು. ಆಮೇಲೆ ನೈಲಾನು, ಪಾಲಿಯೆಸ್ಟರು, ಉಕ್ಕಿನ ತಂತಿ ಬಂದವು. ಈಗಿನ ರೇಡಿಯಲ್ ಟೈರಿನ ಪಕ್ಕೆಯಲ್ಲಿ ಒಂದೋ ಎರಡೋ ಪದರ ಇರುತ್ತದೆ, ಎಂಟಲ್ಲ. 8 ಅಂದರೆ ‘ಹಳೆಯ ಲೆಕ್ಕದ ಎಂಟು ಪದರಕ್ಕೆ ಸಮ’ ಎಂದಷ್ಟೇ ಅರ್ಥ. ಪಿಆರ್‌ನಲ್ಲಿರುವ ಎರಡನೇ ಅಕ್ಷರದ ಕೆಲಸವೇ ಅದು, ನಾವು ಅದನ್ನು ನುಂಗಿಕೊಂಡಿದ್ದೇವೆ. ‘ಪದರ ದರ್ಜೆ 8’ ಅಂದರೆ ಆ ಅಕ್ಷರ ವಾಪಸು ಬರುತ್ತದೆಯೇ? ನನಗೆ ‘ದರ್ಜೆ’ ಇಷ್ಟ. ಪ್ರಥಮ ದರ್ಜೆ ಗುಮಾಸ್ತರಿಂದ ಹಿಡಿದು ಎಲ್ಲ ಕಡೆ ಬಳಕೆಯಲ್ಲಿದೆ, ಎಣಿಕೆಯೆಂದು ಯಾರೂ ತಪ್ಪು ತಿಳಿಯುವುದಿಲ್ಲ.

102 (ಇಂಗ್ಲಿಷಿನಲ್ಲಿ ಲೋಡ್ ಇಂಡೆಕ್ಸ್) ಇನ್ನೂ ತೊಡಕಿನದು. ನಿಘಂಟು ‘ಭಾರ ಸೂಚ್ಯಂಕ’ದ ಕಡೆಗೆ ಕೈ ತೋರಿಸುತ್ತದೆ. ಸೂಚ್ಯಂಕ ಅಂದ ಕೂಡಲೇ ಷೇರುಪೇಟೆ ಕಣ್ಣಮುಂದೆ ಬರುತ್ತದೆ, ದಿನವೂ ಏರಿಳಿಯುವಂಥದ್ದು. ಇದು ಏರುವುದೂ ಇಲ್ಲ ಇಳಿಯುವುದೂ ಇಲ್ಲ, ಕೋಷ್ಟಕದಲ್ಲಿ ಹುಡುಕಬೇಕಾದ ಸಂಕೇತ ಅಷ್ಟೆ. 102 ಅಂದರೆ ಒಂದು ಟೈರು 850 ಕಿಲೋ ಹೊರಬಹುದು. 100 ಅಂದರೆ 800. 91 ಅಂದರೆ 615. ಅಂಕಿಯಲ್ಲಿ 91ಕ್ಕೂ 102ಕ್ಕೂ ಅಂತರ ಬರೀ ಹನ್ನೊಂದು, ತೂಕದಲ್ಲಿ 235 ಕಿಲೋ. “ಹನ್ನೊಂದು ಪಾಯಿಂಟ್ ಕಮ್ಮಿ, ಏನೂ ಆಗಕಿಲ್ಲ ಬುಡಿ ಸಾ” ಅನ್ನುವ ಮಾತು ಹುಟ್ಟುವುದೇ ಈ ಅಂಕಿಯನ್ನು ನೇರ ತೂಕವೆಂದು ಓದುವುದರಿಂದ. ‘ಭಾರಸಂಕೇತ 102’ ಅಂತ ಬರೆದು ಪಕ್ಕದಲ್ಲೇ ಕಿಲೋ ಕೊಡುವುದು ನನ್ನ ಸದ್ಯದ ಉಪಾಯ.

ಓರೆಗೆರೆಯ ಈಚೆಗಿನ 102, ಆಚೆಗಿನ 100 ಎರಡನ್ನೂ ಮುಂದಿನ ಗಾಲಿಗೊಂದು, ಹಿಂದಿನದಕ್ಕೊಂದು ಎಂದು ಓದಿಕೊಳ್ಳುವವರಿದ್ದಾರೆ. ಅದು ಒಂಟಿ ಗಾಲಿಗೊಂದು, ಜೋಡಿ ಗಾಲಿಗೊಂದು. ಒಂದೇ ಕಡೆ ಎರಡು ಟೈರು ಕೂಡಿಸಿದಾಗ ರಸ್ತೆಯ ಇಳಿಜಾರು, ಗಾಳಿಯ ವ್ಯತ್ಯಾಸದಿಂದ ಭಾರ ಎರಡಕ್ಕೂ ಸಮನಾಗಿ ಬೀಳುವುದಿಲ್ಲ. ಅದಕ್ಕೇ ಒಂದೊಂದರ ಲೆಕ್ಕವನ್ನೂ ಕಮ್ಮಿ ಹಿಡಿಯುತ್ತಾರೆ. ಒಂಟಿ, ಜೋಡಿ ಅನ್ನುವ ಪದಗಳಲ್ಲಿ ಚರ್ಚೆ ಬೇಕಿಲ್ಲ. ಕ್ಯೂ ಅನ್ನುವುದು ವೇಗದ ಅಕ್ಷರ, ಗಂಟೆಗೆ 160 ಕಿಲೋಮೀಟರು. ನಮ್ಮ ವ್ಯಾನಿಗೆ ಆ ಯೋಗವಿಲ್ಲ.

ಇನ್ನು ‘ಇಷ್ಟು ಭಾರಕ್ಕೆ ರೇಟೆಡ್’ ಅನ್ನುವಲ್ಲಿನ ‘ರೇಟೆಡ್’. ಬಾಯಿಮಾತಿನ ಪದ ‘ತಡೆಯುವುದು’. ಎಷ್ಟು ಸೊಗಸಾದ ಮಾತು! ಆದರೆ ವಾಹನದ ಚೀಟಿಯಲ್ಲಿ ‘ತಡೆ ಸಾಮರ್ಥ್ಯ’ ಅಂತ ಬರೆದರೆ ಬ್ರೇಕು ಅಂತ ಓದಿಕೊಳ್ಳುವುದು ಖಂಡಿತ. ‘ತಾಳಿಕೆ’ ಬಳಸೋಣವೆಂದರೆ “ಈ ಟೈರು ತಾಳಿಕೆ ಬರುತ್ತೆ” ಅನ್ನುವುದು ಎಷ್ಟು ವರ್ಷ ಬಾಳುತ್ತದೆ ಅನ್ನುವ ಅರ್ಥದಲ್ಲಿ. ಐವತ್ತು ಸಾವಿರ ಕಿಲೋಮೀಟರ್ ಓಡುವ ಟೈರಿಗೂ ಒಂಬೈನೂರು ಕಿಲೋ ಹೊರುವ ಟೈರಿಗೂ ಒಂದೇ ಪದ ಬೇಡ. ‘ಭಾರಮಿತಿ’ ಅಂತ ಹಾಕಿದ್ದೇನೆ. ಮಿತಿ ಅಂದರೆ ದಾಟಬಾರದ್ದು ಅನ್ನುವುದು ಅದರಲ್ಲೇ ಇದೆ, ಸಾಮರ್ಥ್ಯ ಅಂದರೆ ಪರೀಕ್ಷೆ ಮಾಡಿ ನೋಡೋಣ ಅನ್ನಿಸುತ್ತದೆ.

ಭಾರಮಿತಿಯ ಲೆಕ್ಕ ಹೇಳಲು ಆಕ್ಸಲ್ಲಿಗೊಂದು (ಎಡ ಬಲದ ಗಾಲಿ ಕೂಡಿಸುವ ದಂಡಕ್ಕೊಂದು) ಪದ ಬೇಕು. ‘ಅಚ್ಚು’ ಇದೆ, ಎತ್ತಿನ ಗಾಡಿ ಕಂಡವರಿಗೆಲ್ಲ ಗೊತ್ತು. ಮಂಡ್ಯದ ಗೆಳೆಯರು ಮಾತ್ರ ‘ಹಿಂದಿನ ಅಚ್ಚಿನ ಭಾರ’ ಓದಿ ನಕ್ಕರು. ಅಚ್ಚು, ಬಕೆಟ್, ಕುರಿಕಾಟು ಅಂತ ಬೆಲ್ಲ ವಿಂಗಡಿಸುವ ಊರಿನಲ್ಲಿ ಅಚ್ಚಿನ ಭಾರ ಅಂದರೆ ಬೆಲ್ಲದ ತೂಕವೇ. ಆದರೂ ನಾನು ಅಚ್ಚನ್ನು ಬಿಡುವುದಿಲ್ಲ. ‘ಆಕ್ಸಲ್’ ಅಂತ ಬರೆದರೆ ಎಕ್ಸೆಲ್ಲು, ಹೌಸಿಂಗು ಅಂತ ಗ್ಯಾರೇಜಿನಲ್ಲಿ ಹೇಳುವ ಬಿಡಿಭಾಗ ನೆನಪಾಗುತ್ತದೆಯೇ ಹೊರತು, ಆ ಗಾಲಿಗಳ ಮೇಲೆ ಕೂತ ಭಾರವಲ್ಲ. ಲೆಕ್ಕ ಹೀಗೆ: ಹಿಂದಿನ ಅಚ್ಚಿಗೆ ಕಂಪನಿ ಕೊಟ್ಟ ಮಿತಿ 1,700 ಕಿಲೋ ಇದ್ದರೆ, ಒಂಟಿ ಗಾಲಿಯ ವ್ಯಾನಿನಲ್ಲಿ ಒಂದೊಂದು ಟೈರೂ ಕನಿಷ್ಠ 850 ಹೊರಬೇಕು, ಅಂದರೆ ಭಾರಸಂಕೇತ 102 ಅಥವಾ ಮೇಲೆ. ಅದೇ ಅಳತೆಗೆ ಕೂರುತ್ತದೆಂದು 91ರ ಕಾರ್ ಟೈರು ಹಾಕಿದರೆ ಎರಡೂ ಸೇರಿ 1,230, ಉಳಿದ 470 ಕಿಲೋಗೆ ದೇವರೇ ಗತಿ. ಸಮ ಪಾಲು ಅನ್ನುವುದೂ ಕಾಗದದ ಮಾತು. ಗ್ರಾನೈಟ್ ಕಟ್ಟೆ, ನೀರಿನ ಟ್ಯಾಂಕು ಎರಡನ್ನೂ ಎಡಗಡೆಗೇ ಕೂರಿಸಿದರೆ ಎಡಗಾಲಿಯ ಪಾಲು ಹೆಚ್ಚಾಗುತ್ತದೆ. ತೂಕ ಹಾಕಿಸುವಾಗ ಇಡೀ ಗಾಡಿ ಒಮ್ಮೆ, ಹಿಂದಿನ ಗಾಲಿ ಮಾತ್ರ ವೇಬ್ರಿಡ್ಜಿನ ಮೇಲೆ ನಿಲ್ಲಿಸಿ ಇನ್ನೊಮ್ಮೆ ಹಾಕಿಸಿ ಎಂದು ಚೀಟಿಯಲ್ಲಿ ಬರೆದಿದ್ದೇನೆ. ನೀರು, ಗ್ಯಾಸು, ಜನ ಎಲ್ಲ ಇರುವಾಗ.

ಡಿಸ್ಕಿನ ವಿಷಯ ಚಿಕ್ಕದು. ಇಲ್ಲಿ ರಿಮ್ಮಿಗೆ ಡಿಸ್ಕು ಅನ್ನುತ್ತಾರೆ, ಡಿಸ್ಕ್ ಬ್ರೇಕು ಬಂದ ಮೇಲೆ ಅದೂ ಕಲಸಿದೆ. ‘ಗಾಲಿ’ ಅಂದರೆ ಟೈರೂ ಸೇರಿ ಇಡಿಯಾದದ್ದು. ಬೋಲ್ಟ್ ತೂತು ಹೊಂದಿದರೆ ಸಾಕೆಂದು ಕಾರಿನ ಅಲಾಯ್ ಹಾಕಿಸುವವರಿಗಾಗಿ ಒಂದು ಸಾಲು: ಡಿಸ್ಕಿಗೂ ಭಾರಮಿತಿ ಇದೆ, ಒಳಮೈಯಲ್ಲಿ ಒತ್ತಿರುತ್ತಾರೆ. ಜಪಾನಿನ ಗುರುತಿನಲ್ಲಿ ಜೆಡಬ್ಲ್ಯುಎಲ್ ಅಂದರೆ ಕಾರಿನದು, ಕೊನೆಗೆ ಟಿ ಸೇರಿದ್ದರೆ ಲಾರಿ, ಬಸ್ಸಿನ ಪರೀಕ್ಷೆ ದಾಟಿದ್ದು.

ಗಾಲಿಗೂ ಗಾಡಿಗೂ ನಡುವೆ ಭಾರ ಹೊತ್ತು ಕುಲುಕಾಟ ತಗ್ಗಿಸುವ ಸಸ್ಪೆನ್ಷನ್ನಿಗೆ ಯಂತ್ರಾನುವಾದ ಕೊಟ್ಟದ್ದು ‘ವಾಹನದ ಅಮಾನತು ವ್ಯವಸ್ಥೆ’. ಗಾಡಿ ಯಾವ ಲಂಚದ ಕೇಸಿನಲ್ಲಿ ಸಿಕ್ಕಿತೋ. ಗ್ಯಾರೇಜಿನಲ್ಲಿ ಅದಕ್ಕೆ ಒಟ್ಟಾರೆ ಹೆಸರೇ ಇಲ್ಲ: ಕಮಾನು ಪಟ್ಟಿ, ಸ್ಪ್ರಿಂಗು, ಬುಷ್ಷು, ಶಾಕಬ್ಸಾರ್ಬರು, ಎಲ್ಲ ಬಿಡಿಬಿಡಿ. ಒಟ್ಟು ಹೆಸರಿಲ್ಲದ್ದರ ಪರಿಣಾಮವೋ ಏನೋ, ಬಿಡಿಭಾಗಗಳ ಕೆಲಸವೂ ಅದಲುಬದಲಾಗಿದೆ. ಭಾರ ಹೊರುವುದು ಪಟ್ಟಿ, ಸ್ಪ್ರಿಂಗು. ಶಾಕಬ್ಸಾರ್ಬರು ಕುಪ್ಪಳಿಕೆ ನಿಲ್ಲಿಸುತ್ತದೆ, ಮಾಮೂಲಿ ಶಾಕಬ್ಸಾರ್ಬರು ಭಾರ ಹೊರುವುದಿಲ್ಲ. “ಹಿಂದೆ ಕೂರ್ತದೆ, ಶಾಕ್ಸ್ ಬದಲಾಯಿಸಿ” ಅನ್ನುವ ಸಲಹೆ ಅದಕ್ಕೇ ಫಲ ಕೊಡುವುದಿಲ್ಲ.

“ಇನ್ನೊಂದು ಪಟ್ಟಿ ಏರಿಸಿದ್ರೆ ಇನ್ನೂ ಇನ್ನೂರು ಕಿಲೋ ತಡೀತದೆ” ಅನ್ನುವುದು ಇನ್ನೊಂದು ಮಾತು. ಇಲ್ಲಿ ‘ತಡೀತದೆ’ಯ ಕರ್ತೃ ಯಾರು ಅನ್ನುವುದೇ ವ್ಯಾಕರಣದ ಪ್ರಶ್ನೆ. ಪಟ್ಟಿ ತಡೆಯುತ್ತದೆ, ನಿಜ. ಗಾಡಿ ತಡೆಯುತ್ತದೆ ಅನ್ನುವ ಅರ್ಥದಲ್ಲಿ ಕೇಳಿಸಿಕೊಳ್ಳುತ್ತೇವೆ. ಟೈರು, ಡಿಸ್ಕು, ಬೇರಿಂಗು, ಬ್ರೇಕು ಮೊದಲಿನವೇ, ಪಟ್ಟಿ ಏರಿಸಿದರೆ ಆರ್.ಸಿ.ಯಲ್ಲಿನ ಒಟ್ಟು ತೂಕವೂ ಏರುವುದಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ ಮೊದಲು ಹಿಂಭಾಗ ಕುಸಿದು ಭಾರ ಕಣ್ಣಿಗೆ ಕಾಣುತ್ತಿತ್ತು, ಈಗ ಗಾಡಿ ನೆಟ್ಟಗೆ ನಿಲ್ಲುತ್ತದೆ. ಬೆಂಗಳೂರು ದಶಪಥದಲ್ಲಿ ನಿಲ್ಲಿಸದೆ ಹೊಡೆದರೆ, ಗಾಳಿಯೂ ಕಮ್ಮಿ ಇದ್ದರೆ, ಪಕ್ಕೆ ಮಡಚಿ ಮಡಚಿ ಕಾದು ಟೈರೇ ಸುದ್ದಿ ಹೇಳುತ್ತದೆ. ಭಾರಸಂಕೇತದ ಕಿಲೋ ಲೆಕ್ಕ ಹೇಳಿದಷ್ಟು ಗಾಳಿ ಇದ್ದರೆ ಮಾತ್ರ. ಕರ್ತೃ ಬಿಡದೆ ಬರೆಯಲು ‘ಪಟ್ಟಿಯ ಭಾರಮಿತಿ’, ‘ಟೈರಿನ ಭಾರಮಿತಿ’, ‘ಡಿಸ್ಕಿನ ಭಾರಮಿತಿ’ ಅಂತ ಪ್ರತಿ ಸಲವೂ ಹೇಳಿ, ‘ಇವುಗಳಲ್ಲಿ ಯಾವುದು ಕಮ್ಮಿಯೋ ಗಾಡಿಗೆ ಅದೇ ಲೆಕ್ಕ, ಆದರೂ ಆರ್.ಸಿ.ಯ ಮಿತಿ ದಾಟುವಂತಿಲ್ಲ’ ಎಂದು ಸೇರಿಸಿದ್ದೇನೆ. ಉದ್ದವಾಯಿತು, ಗೊತ್ತು.

ಹಾಗೆ ನೋಡಿದರೆ ಹೆಸರು ಎಲ್ಲಿಂದಲೋ ಬಂದು ನೆಲೆಯೂರುವುದು ಈ ಕ್ಷೇತ್ರದಲ್ಲಿ ಹೊಸದಲ್ಲ. ನಾವು ದಿನಾ ಅನ್ನುವ ‘ಸ್ಟೆಪ್ನಿ’ ವೇಲ್ಸ್ ದೇಶದ ಲಾನೆಲಿ ಊರಿನ ಒಂದು ಬೀದಿಯ ಹೆಸರು. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಹೆಚ್ಚುವರಿ ಗಾಲಿ ಮಾಡಿ ಮಾರಿದವರ ಅಂಗಡಿ ಅಲ್ಲಿತ್ತು. ಇಂಗ್ಲೆಂಡಿನವರು ಮರೆತರು, ನಾವು ಉಳಿಸಿಕೊಂಡೆವು. ಹಾಗಾಗಿ ಸ್ಟೆಪ್ನಿಗೆ ‘ಬದಲಿ ಗಾಲಿ’ ಅನ್ನಿ ಎಂದು ದಯವಿಟ್ಟು ಯಾರೂ ಬರೆಯಬೇಡಿ. ಬದಲಿಗೆ, ಸ್ಟೆಪ್ನಿಗೂ ಅದೇ ಭಾರಸಂಕೇತ ಇರಬೇಕು ಅನ್ನುವುದನ್ನು ಮೂರು ಪದದಲ್ಲಿ ಹೇಳುವುದು ಹೇಗೆಂದು ತಿಳಿಸಿ.

ಇನ್ನೊಂದು ಕೇಳುವುದಿದೆ. ಮೈಸೂರಿನಲ್ಲಿ ವಿಕ್ರಾಂತ್ ಟೈರ್ಸ್ ಕಾರ್ಖಾನೆ ಇತ್ತು, 1997ರಲ್ಲಿ ಜೆಕೆ ಟೈರ್ ಅದನ್ನು ತೆಗೆದುಕೊಂಡಿತು, ಈಗಲೂ ಊರಲ್ಲಿ ಟೈರು ತಯಾರಾಗುತ್ತಿದೆ. ಅಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಅವರ ಮಕ್ಕಳು ಈ ಬಳಗದಲ್ಲಿ ಖಂಡಿತ ಇರುತ್ತೀರಿ. ಬೀಡು (ರಿಮ್ಮಿಗೆ ಕಚ್ಚಿಕೊಳ್ಳುವ ಟೈರಿನ ಅಂಚು), ಪ್ಲೈ, ಪಕ್ಕೆ ಇವಕ್ಕೆಲ್ಲ ಶಿಫ್ಟಿನಲ್ಲಿ ಕನ್ನಡದವರು ತಮ್ಮತಮ್ಮಲ್ಲಿ ಏನನ್ನುತ್ತಿದ್ದಿರಿ? ನಿಘಂಟಿನಲ್ಲಿಲ್ಲದ ಪದವಾದರೆ ಇನ್ನೂ ಒಳ್ಳೆಯದು. ಚೀಟಿ ಈ ತಿಂಗಳ ಕೊನೆಗೆ ಅಚ್ಚಿಗೆ ಹೋಗಬೇಕು. ಈ ಅಚ್ಚು ಪ್ರೆಸ್ಸಿನದು.