ರಘು ದೀಕ್ಷಿತ್ ಆಯ್ತು, ಸ್ವರಾತ್ಮ ಆಯ್ತು, ಮುಂದೆ ಯಾರನ್ನ ಕೇಳಲಿ?

ಕೇಳಿದವರು:
ರಘು ದೀಕ್ಷಿತ್ ಅವರ 2008ರ ಮೊದಲ ಆಲ್ಬಂ ನನಗೆ ಬಾಯಿಪಾಠ. ಸ್ವರಾತ್ಮ ಬ್ಯಾಂಡಿನ ಹಾಡುಗಳೂ ಅಷ್ಟೇ. ಅದರಾಚೆ ಏನಿದೆ ನೋಡೋಣ ಅಂತ ಆ್ಯಪ್ ತೆರೆದರೆ ಅದು ಮತ್ತೆ ಇವರನ್ನೇ ತಂದು ಎದುರಿಗೆ ಕೂರಿಸುತ್ತೆ, ಇಲ್ಲಾಂದ್ರೆ ನಾಲ್ಕನೇ ಹಾಡಿಗೆ ಸಿನಿಮಾ ಕಡೆ ಜಾರುತ್ತೆ. ಜನಪದದ ವಾಸನೆ ಇರಬೇಕು, ಗಿಟಾರು ಡ್ರಮ್ಸು ಇದ್ದರೆ ಖುಷಿ, ಎಲ್ಲರ ಬಾಯಲ್ಲೂ ಇರುವ ಹೆಸರು ಬೇಡ. ಹೆಸರು ಕೊಡಿ, ಜೊತೆಗೆ ನೀವು ಹೇಗೆ ಹುಡುಕುತ್ತೀರಿ ಅನ್ನೋದನ್ನೂ ಹೇಳಿ. ಇನ್ನೊಂದು ವಿಷಯ: ಸಿಕ್ಕಿದ್ದನ್ನ ಗೆಳೆಯರಿಗೆ ಕಳಿಸಿದರೆ ಯಾರೂ ಕೇಳಲ್ಲ. ಅದಕ್ಕೇನಾದರೂ ಮದ್ದು ಇದೆಯಾ?

ಬೆಂಗಳೂರಿನಲ್ಲಿ ಸೌಂಡ್ ಕೆಲಸ ಮಾಡುವವರು:
ನಾನು ಹಾಡುವವರನ್ನ ಹುಡುಕಲ್ಲ, ನುಡಿಸುವವರನ್ನ ಹುಡುಕುತ್ತೇನೆ. ಬ್ಯಾಂಡಿನ ಮುಂದೆ ನಿಂತವರ ಹೆಸರು ಎಲ್ಲರಿಗೂ ಗೊತ್ತಿರುತ್ತೆ, ಹಿಂದೆ ಕೂತವರು ಆಮೇಲೆ ಏನು ಮಾಡಿದರು ಅಂತ ಯಾರೂ ಕೇಳಲ್ಲ. ನಿಮಗೆ ಇಷ್ಟವಾದ ಆಲ್ಬಂನ ಕ್ರೆಡಿಟ್ಸ್ (ಯಾರು ಏನು ನುಡಿಸಿದರು ಅನ್ನೋ ಪಟ್ಟಿ) ತೆಗೆದು ಒಂದೊಂದೇ ಹೆಸರು ಹಿಡಿದು ಹೋಗಿ. ನೀವು ಹೇಳಿದ ಇಬ್ಬರಿಂದಲೇ ಶುರು ಮಾಡೋಣ. ರಘು ದೀಕ್ಷಿತ್ ಜೊತೆ ಗಿಟಾರ್ ನುಡಿಸಿದ ಬ್ರೈಡನ್ ಲೂಯಿಸ್, ಕೊಳಲು ನುಡಿಸಿದ ಪಾರ್ಥ್ ಚಂದಿರಮಣಿ, ಇವರಿಬ್ಬರೂ ಸೇರಿ ಬ್ರೈಡನ್-ಪಾರ್ಥ್ ಅಂತ ತಮ್ಮದೇ ಜೋಡಿ ಕಟ್ಟಿದರು. ಸ್ವರಾತ್ಮದಲ್ಲಿ ಡ್ರಮ್ಸ್ ಬಾರಿಸುತ್ತಿದ್ದ ಮಾಂಟ್ರಿ ಮ್ಯಾನುಯೆಲ್ ತಾಳವಟ್ಟಂ ಅಂತ ಶುರು ಮಾಡಿದರು. ಬಿಸಾಡಿದ ಡ್ರಮ್ಮು, ಪೈಪುಗಳಿಂದ ವಾದ್ಯ ಮಾಡಿಕೊಂಡು ಬಾರಿಸುವ ತಂಡ ಅದು. ಅದನ್ನ ಫೋನಿನ ಪುಟ್ಟ ಸ್ಪೀಕರಿನಲ್ಲಿ ಕೇಳಬೇಡಿ, ಹಾಡಿನ ಪ್ರಾಣಾನೇ ಹೋಗುತ್ತೆ. ಸ್ವರಾತ್ಮದ ಗಾಯಕ ವಾಸು ದೀಕ್ಷಿತ್ (ಹೌದು, ರಘು ಅವರ ತಮ್ಮ) ತಮ್ಮ ಹೆಸರಿನಲ್ಲೇ ಒಂದು ಕಲೆಕ್ಟಿವ್, ಅಂದರೆ ಕಲಾವಿದರ ಗುಂಪು, ಇಟ್ಟುಕೊಂಡಿದ್ದಾರೆ. ದಾಸರ ಪದ, ಶರೀಫರ ಪದಗಳನ್ನ ಅಲ್ಲಿ ಬೇರೆ ಥರ ಹಾಡುತ್ತಾರೆ. ನಿಮ್ಮ ಕಿವಿಗೆ ಮೊದಲು ಹತ್ತೋದು ಇದೇ ಅನ್ನಿಸುತ್ತೆ.

ಇನ್ನೊಂದು ಹೆಸರು ಪೀಪಲ್ ಟ್ರೀ. ಕನ್ನಡದಲ್ಲಿ ಭಾರೀ ರಾಕ್ ಯಾರು ಮಾಡಿದ್ದಾರೆ ಅಂತ ಕೇಳುವವರಿಗೆ ನಾನು ಕಣ್ಣು ಮುಚ್ಚಿ ಕೊಡೋದು ಇದನ್ನೇ. ಸುಜಯ್ ಹರ್ತಿ ಅವರ ದನಿ, ಟೋನಿ ದಾಸ್ ಅವರ ಗಿಟಾರ್. ಕನ್ನಡ, ಹಿಂದಿ, ತಮಿಳು ಎಲ್ಲದರಲ್ಲೂ ಹಾಡಿದ್ದಾರೆ, ಆದರೆ ಕನ್ನಡದ ಒತ್ತಕ್ಷರಗಳು ಗಿಟಾರಿನ ಒರಟು ಸದ್ದಿನ (ಡಿಸ್ಟಾರ್ಷನ್) ಮೇಲೆ ಬಂದು ಬೀಳುವಾಗಿನ ಮಜಾನೇ ಬೇರೆ.

ರಾಜಾಜಿನಗರದಿಂದ:
ಮೇಲಿನವರು ಹೇಳಿದ್ದು ಸರಿ. ಆದರೆ ಕನ್ನಡದಲ್ಲೇ ಇರಬೇಕು ಅಂತ ಪಟ್ಟು ಹಿಡಿದರೆ ನಮ್ಮೂರಿನ ಅರ್ಧ ಸಂಗೀತ ಕೈತಪ್ಪುತ್ತೆ. ಪರ್ವಾಜ್ 2010ರಲ್ಲಿ ಬೆಂಗಳೂರಿನಲ್ಲೇ ಶುರುವಾದ ಬ್ಯಾಂಡ್, ಹಾಡೋದು ಉರ್ದು ಮತ್ತು ಕಾಶ್ಮೀರಿಯಲ್ಲಿ. 2014ರ 'ಬಾರನ್' ಆಲ್ಬಂ ರಾತ್ರಿ ಬಸ್ಸಿಗೆ ಹೇಳಿ ಮಾಡಿಸಿದ್ದು. ಗೌಲೆ ಭಾಯಿ ಅಂತ ಇನ್ನೊಂದು ತಂಡ ಇದೆ. ಅವರ ನೆಲೆ ಬೆಂಗಳೂರು, ಹಾಡು ನೇಪಾಳಿ, ಬೇರು ಕಾಲಿಂಪಾಂಗ್ ಕಡೆಯದು. ಮುಂದೆ ನಿಂತು ಹಾಡೋ ಹುಡುಗನ ಕೈಯಲ್ಲೇ ಪಿಟೀಲು. 2019ರ 'ಜೋರೋ' ಕೇಳಿ. ನನಗೆ ಒಂದಕ್ಷರ ನೇಪಾಳಿ ಬರಲ್ಲ, ಏನೂ ತೊಂದರೆ ಆಗಿಲ್ಲ.

ಇನ್ನು ಥರ್ಮಲ್ ಅಂಡ್ ಎ ಕ್ವಾರ್ಟರ್. 1996ರಿಂದ ಇದ್ದಾರೆ, ಇಂಗ್ಲಿಷಿನಲ್ಲಿ ಹಾಡುತ್ತಾರೆ, ಆದರೂ ಇವರಷ್ಟು ಬೆಂಗಳೂರಿನ ಬ್ಯಾಂಡ್ ಇನ್ನೊಂದಿಲ್ಲ ಅಂತ ನನ್ನ ಹಟ.

ಮೈಸೂರಿನಿಂದ, ಮೇಷ್ಟ್ರು:
ಇಲ್ಲಿವರೆಗೆ ಬಂದ ಉತ್ತರ ಎಲ್ಲ ಬೆಂಗಳೂರಿನ ಇಂದಿರಾನಗರ ದಾಟಲಿಲ್ಲ! ಕೇಳಿದವರು ಜನಪದದ ವಾಸನೆ ಬೇಕು ಅಂದಿದ್ದಾರೆ. ವಾಸನೆ ಯಾಕೆ, ಊಟಾನೇ ಮಾಡಿ. ಮಳವಳ್ಳಿ ಮಹದೇವಸ್ವಾಮಿ ಅವರ ಮಂಟೇಸ್ವಾಮಿ ಕಥೆ, ಮಾದಪ್ಪನ ಕಥೆ ಎರಡೂ ಯೂಟ್ಯೂಬಿನಲ್ಲಿ ಸಿಗುತ್ತೆ. ಕ್ಯಾಸೆಟ್ ಕಾಲದಿಂದ ನಮ್ಮ ಕಡೆ ಹಳ್ಳಿ ಹೋಟೆಲ್, ಟ್ರ್ಯಾಕ್ಟರ್, ಜಾತ್ರೆ ಎಲ್ಲ ಕಡೆ ಓಡಿದ ದನಿ ಅದು. ತಂಬೂರಿ ಒಂದೇ ಸಮನೆ ಮೀಟುತ್ತಾ ಇರುತ್ತೆ, ಡಕ್ಕೆ, ಗಗ್ಗರ ಜೊತೆಗಿರುತ್ತೆ, ಹಿಮ್ಮೇಳದವರು ಸಾಲಿನ ಬಾಲ ಹಿಡಿದು ಎಳೆಯುತ್ತಾರೆ. ರಾಕ್ ಕೇಳುವವರಿಗೆ ಇದು ಬೇಗ ಹಿಡಿಸೋದು ನೋಡಿದ್ದೇನೆ. ನನ್ನ ವಿದ್ಯಾರ್ಥಿಗಳಲ್ಲಿ ಮೆಟಲ್ ಕೇಳೋ ಹುಡುಗರೇ ಮೊದಲು ತಲೆಯಾಡಿಸೋದು, ಭಾವಗೀತೆ ಹುಡುಗರು ಆಮೇಲೆ. ಅದೇ ಲಯ ಸುತ್ತಿ ಸುತ್ತಿ ಬಂದು, ಕಥೆ ಬಿಗಿಯಾದ ಹಾಗೆ ವೇಗ ಏರುತ್ತಲ್ಲ, ಅದು ಇಬ್ಬರಿಗೂ ಗೊತ್ತಿರೋ ಆಟ.

ಮೈಸೂರು ಗುರುರಾಜ್ ಅವರನ್ನೂ ಕೇಳಿ. ಆಮೇಲೆ ಸಾಧ್ಯವಾದರೆ ಚಿಕ್ಕಲ್ಲೂರು ಜಾತ್ರೆಗೆ ಹೋಗಿ. ಬನದ ಹುಣ್ಣಿಮೆಗೆ ಶುರು, ಹೆಚ್ಚಾಗಿ ಜನವರಿಯಲ್ಲಿ ಬರುತ್ತೆ, ಐದು ದಿನ ನಡೆಯುತ್ತೆ. ಅಲ್ಲಿ ಸ್ಟೇಜು, ಟಿಕೆಟ್ಟು ಏನಿಲ್ಲ. ಬಿಡಾರದ ಮುಂದೆ ಮಂಟೇಸ್ವಾಮಿ ಕಥೆ ಹಾಡುವ ನೀಲಗಾರರು ಕೂತು ಹಾಡುತ್ತಿರುತ್ತಾರೆ, ನೀವೂ ಪಕ್ಕದಲ್ಲಿ ಕೂತರಾಯ್ತು. ದಯವಿಟ್ಟು ಮುಖಕ್ಕೆ ಫೋನ್ ಹಿಡಿಯಬೇಡಿ, ಮೊದಲು ಕೇಳಿ. ರೆಕಾರ್ಡ್ ಮಾಡಲೇಬೇಕು ಅಂದರೆ ಅನುಮತಿ ತಗೊಂಡು, ಕೈಗೆ ಏನಾದರೂ ಕೊಟ್ಟು ಬನ್ನಿ. ಶಿವರಾತ್ರಿ ಹೊತ್ತಿಗೆ ಕಪ್ಪಡಿ ಜಾತ್ರೆಯೂ ಇದೆ, ಕಾವೇರಿ ದಡದಲ್ಲಿ, ಅದೂ ಇದೇ ಪರಂಪರೆ.

ಹುಬ್ಬಳ್ಳಿಯಿಂದ:
ಮೇಷ್ಟ್ರೇ ನಮಸ್ಕಾರ, ಉತ್ತರ ಕರ್ನಾಟಕ ಒಂಚೂರು ನೆನಪಿಸಿಕೊಳ್ಳಿ. ರಘು ದೀಕ್ಷಿತ್ ಅವರ ಆ ಮೊದಲ ಆಲ್ಬಂನಲ್ಲೇ ಶಿಶುನಾಳ ಶರೀಫರ ಎರಡು ಪದ ಇವೆ. ಬಹಳ ಜನಕ್ಕೆ ಶರೀಫರು ಸಿಕ್ಕಿದ್ದು ಅಲ್ಲಿಂದ, ಅವರಿಗಿಂತ ದೊಡ್ಡವರಿಗೆ ಸಿ. ಅಶ್ವತ್ಥ್ ಕ್ಯಾಸೆಟ್ಟಿನಿಂದ. ನನ್ನ ಸಲಹೆ ಇಷ್ಟೇ: ಒಂದೇ ಪದ ಹಿಡಿದು ಅದನ್ನ ಎಷ್ಟು ಜನ ಹಾಡಿದ್ದಾರೋ ಅಷ್ಟೂ ಕೇಳಿ. ಅಶ್ವತ್ಥ್ ಕೇಳಿ, ರಘು ಕೇಳಿ, ಆಮೇಲೆ ಯಾವುದೋ ಊರಿನ ಭಜನಾ ಮಂಡಳಿಯವರು ಹಾರ್ಮೋನಿಯಂ, ತಾಳ, ಏಕತಾರಿ ಇಟ್ಟುಕೊಂಡು ಹಾಡಿದ್ದು, ಇನ್ನೂರು ಜನ ನೋಡಿದ ವಿಡಿಯೋ ಇರುತ್ತಲ್ಲ, ಅದನ್ನೂ ಕೇಳಿ. ಆ ಇನ್ನೂರರ ವಿಡಿಯೋದಲ್ಲೇ ನನಗೆ ಒಳ್ಳೊಳ್ಳೆ ಹಾಡುಗಾರರು ಸಿಕ್ಕಿದ್ದಾರೆ. ಹುಡುಕುವಾಗ ಕನ್ನಡ ಲಿಪಿಯಲ್ಲೇ ಟೈಪ್ ಮಾಡಿ, ಇಂಗ್ಲಿಷ್ ಅಕ್ಷರದಲ್ಲಿ ಹುಡುಕಿದರೆ ಬರೋದೇ ಬೇರೆ. 'ತತ್ವಪದ' ಜೊತೆ ಊರಿನ ಹೆಸರು ಹಾಕಿ: ಕಲಬುರಗಿ, ಬೀದರ್, ಕಡಕೋಳ. ಕಡಕೋಳ ಮಡಿವಾಳಪ್ಪನವರ ಪದ ಒಮ್ಮೆ ಹತ್ತಿದರೆ ಬಿಡೋದು ಕಷ್ಟ.

ಹೊಸಬರಲ್ಲಿ ಶಿಲ್ಪಾ ಮುಡಬಿ. ಅರ್ಬನ್ ಫೋಕ್ ಪ್ರಾಜೆಕ್ಟ್ ಅನ್ನೋ ಹೆಸರಿನಲ್ಲಿ ಕೆಲಸ ಮಾಡುತ್ತಾರೆ. ಜೋಗತಿಯರ ಜೊತೆ ಇದ್ದು, ಕಲಿತು, ಚೌಡಿಕೆ ಹಿಡಿದು ಎಲ್ಲಮ್ಮನ ಹಾಡು ಹಾಡುತ್ತಾರೆ. ಚೌಡಿಕೆ ಒಂದೇ ತಂತಿಯ ವಾದ್ಯ, ಅದು ತಾಳಾನೂ ಹೌದು, ಶ್ರುತಿಯೂ ಹೌದು. ಬೇಸ್ ಗಿಟಾರ್ ಇಷ್ಟಪಡುವವರು ಇದನ್ನ ಕೇಳದೆ ಇರಬಾರದು. ಇದರ ಮೂಲಕ್ಕೆ ಹೋಗಬೇಕು ಅಂದರೆ ಮಂಜಮ್ಮ ಜೋಗತಿ ಇದ್ದಾರೆ. 2021ರಲ್ಲಿ ಪದ್ಮಶ್ರೀ ಬಂತು, ಎಲ್ಲರೂ ಫೋಟೋ ಹಾಕಿದರು. ಹಾಡು ಕೇಳಿದವರು ಎಷ್ಟು ಜನ ಅಂತ ನನಗೆ ಅನುಮಾನ.

ಸಿಯಾಟಲ್‌ನಿಂದ:
ಇಲ್ಲಿ ಕೆಇಎಕ್ಸ್‌ಪಿ ಅಂತ ರೇಡಿಯೋ ಇದೆ, ಕೇಳುಗರ ದುಡ್ಡಿನಿಂದಲೇ ಹೆಚ್ಚಾಗಿ ನಡೆಯುತ್ತೆ. ಹಾಡು ಆರಿಸೋದು ಡಿಜೆ ಅಂತ ಕೂತಿರುವ ಮನುಷ್ಯರು. ಅವರ ಸ್ಟುಡಿಯೋ ವಿಡಿಯೋಗಳು ಯೂಟ್ಯೂಬಿನಲ್ಲಿ ಪುಕ್ಕಟೆ. ಇಲ್ಲಿನ ರೇಡಿಯೋ ಸಂಸ್ಥೆ ಎನ್‌ಪಿಆರ್‌ನ ಟೈನಿ ಡೆಸ್ಕ್ ಹಾಡಿನ ಸರಣಿಯ ಹೆಸರು ನೀವು ಕೇಳಿರ್ತೀರಿ, 2008ರಲ್ಲಿ ಆಫೀಸ್ ಮೇಜಿನ ಹಿಂದೆ ಶುರುವಾದದ್ದು. ಆದರೆ ನಾನು ಹೇಳಬೇಕಾಗಿದ್ದು ಬ್ಯಾಂಡ್‌ಕ್ಯಾಂಪ್ ಬಗ್ಗೆ, ಹಾಡುಗಾರರು ತಮ್ಮ ಆಲ್ಬಂ ತಾವೇ ಮಾರುವ ವೆಬ್‌ಸೈಟ್ ಅದು. ಅಲ್ಲಿ ಪ್ರತಿ ಆಲ್ಬಂ ಪುಟದಲ್ಲಿ ಅದನ್ನ ಕೊಂಡವರ ಪುಟ್ಟ ಚಿತ್ರಗಳು ಸಾಲಾಗಿ ಇರುತ್ತವೆ. ಒಬ್ಬರ ಮೇಲೆ ಒತ್ತಿ, ಅವರು ಕೊಂಡಿದ್ದೆಲ್ಲ ತೆರೆದುಕೊಳ್ಳುತ್ತೆ. ಸುಮ್ನೆ ಲೈಕ್ ಒತ್ತಿದ್ದಲ್ಲ, ಜೇಬಿನಿಂದ ದುಡ್ಡು ಕೊಟ್ಟು ಕೊಂಡಿದ್ದು. ನಿಮ್ಮ ರುಚಿಯ ಒಬ್ಬ ಅಪರಿಚಿತ ಸಿಕ್ಕಿದರೆ ಆರು ತಿಂಗಳ ಕೆಲಸ ಮುಗೀತು. ಜೊತೆಗೆ ಊರಿನ ಟ್ಯಾಗ್ ಇದೆ. ಬೆಂಗಳೂರು ಅಂತ ಹಾಕಿ ನೋಡಿ, ಮೆಟಲ್ ಜಾಸ್ತಿ ಬರುತ್ತೆ, ನಡುನಡುವೆ ಮುತ್ತೂ ಬರುತ್ತೆ.

ದುಡ್ಡಿನ ಮಾತೂ ಬರಲಿ. ಸ್ಪಾಟಿಫೈನಲ್ಲಿ 2024ರಿಂದ ಒಂದು ಹಾಡು 12 ತಿಂಗಳಲ್ಲಿ 1000 ಸಲ ಕೇಳಿಸಿಕೊಳ್ಳದಿದ್ದರೆ ಆ ಹಾಡಿಗೆ ಕಾಸೇ ಇಲ್ಲ. ನೀವು ಹುಡುಕುತ್ತಿರುವ ಥರದ ಹಾಡುಗಾರರಿಗೆ ಬಾಗಿಲು ಮುಚ್ಚುವ ನಿಯಮ ಇದು. ಬ್ಯಾಂಡ್‌ಕ್ಯಾಂಪ್ ಡಿಜಿಟಲ್ ಮಾರಾಟದಲ್ಲಿ 15% ಇಟ್ಟುಕೊಳ್ಳುತ್ತೆ, 2020ರಿಂದ ಆಗಾಗ ಕೆಲವು ಶುಕ್ರವಾರ ಅದನ್ನೂ ಬಿಡುತ್ತೆ. ಇಷ್ಟವಾದರೆ ಒಂದು ಆಲ್ಬಂ ಕೊಳ್ಳಿ ಮಾರಾಯ್ರೆ.

ಮಂಗಳೂರಿನಿಂದ:
ಒಂದು ತಕರಾರು. ಯಾರಿಗೂ ಗೊತ್ತಿಲ್ಲ ಅನ್ನೋದೇ ಒಂದು ಗುಣ ಅಲ್ಲ. ಕಡಿಮೆ ಜನ ಕೇಳುವ ಸಂಗೀತದಲ್ಲಿ ಬಹಳಷ್ಟು ಸಾಧಾರಣವೇ. ಅದೇ ನಾಲ್ಕು ಕಾರ್ಡ್ಸ್, ಅದೇ ಮಳೆ, ಅದೇ ಕಾಫಿ, ಪಿಸುಗುಟ್ಟೋ ದನಿ. ನಾನು ಹೊಸಬರನ್ನ ಕೇಳೋವಾಗ ಸ್ಟುಡಿಯೋ ರೆಕಾರ್ಡಿಂಗ್ ಬಿಟ್ಟು ಮೊದಲು ಲೈವ್ ವಿಡಿಯೋ ನೋಡುತ್ತೇನೆ. ಲೈವ್‌ನಲ್ಲಿ ದನಿ ನಿಂತರೆ ಆಲ್ಬಂಗೆ ಹೋಗುತ್ತೇನೆ. ಇನ್ನು ಎಲ್ಲರಿಗೂ ಗೊತ್ತಾದ ಕೂಡಲೇ ಅವರನ್ನ ಬಿಟ್ಟುಬಿಡುವ ಖಾಯಿಲೆ ಇರೋರ ಹತ್ತಿರ ಸಲಹೆ ಕೇಳಬೇಡಿ, ಅವರಿಗೆ ಸಂಗೀತಕ್ಕಿಂತ ತಾನೇ ಮೊದಲು ಕೇಳಿದ್ದು ಅನ್ನೋದು ಮುಖ್ಯ.

ಗುವಾಹಟಿಯಲ್ಲಿ ಕೆಲಸ ಮಾಡಿ ವಾಪಸ್ ಬಂದವರು:
ಈಶಾನ್ಯದವರನ್ನ ಯಾರೂ ಹೇಳಲಿಲ್ಲವಲ್ಲ? ಫೋಕ್ ಮತ್ತು ರಾಕ್ ಅಲ್ಲಿ ಒಂದೇ ಮನೆಯಲ್ಲಿ ಬೆಳೆದಿವೆ. ಮಣಿಪುರದ ರೂಬೆನ್ ಮಶಾಂಗ್ವಾ ತಂಗ್‌ಖುಲ್ ನಾಗಾ ಹಾಡುಗಳನ್ನ ಬ್ಲೂಸ್ ಜೊತೆ ಸೇರಿಸಿ ಹಾಡುತ್ತಾರೆ. ಹಳೇ ವಾದ್ಯಗಳನ್ನ ಈಗಿನ ಶ್ರುತಿಗೆ ಹೊಂದುವ ಹಾಗೆ ತಾವೇ ತಿದ್ದಿಕೊಂಡಿದ್ದಾರೆ. ಇವರಿಗೂ ಪದ್ಮಶ್ರೀ 2021ರಲ್ಲೇ. ಇಂಫಾಲ್ ಟಾಕೀಸ್, ಅಖು ಚಿಂಗಂಗ್‌ಬಮ್ ಅವರ ತಂಡ, 2008ರಿಂದ ಇದೆ. ರಾಜಕೀಯ ಸಿಟ್ಟು, ಲಾಲಿಯಂಥ ರಾಗ. ಮನಸ್ಸು ಹಗುರ ಮಾಡಿಕೊಳ್ಳಬೇಕು ಅಂದರೆ ಅರುಣಾಚಲದ ತಾಬಾ ಚಾಕೆ ಕೇಳಿ, ಗಿಟಾರನ್ನ ಬೆರಳಲ್ಲೇ ನುಡಿಸುತ್ತಾರೆ, ನಿಶಿ, ಅಸ್ಸಾಮಿ, ಹಿಂದಿ, ಇಂಗ್ಲಿಷ್ ಎಲ್ಲ ಹಾಡುತ್ತಾರೆ. ಶಿಲ್ಲಾಂಗಿನ ಲೂ ಮಜಾವ್ 1972ರಿಂದ ಪ್ರತಿ ಮೇ 24ಕ್ಕೆ ಬಾಬ್ ಡಿಲನ್ ಹುಟ್ಟುಹಬ್ಬ ಮಾಡುತ್ತಾರೆ. ಆ ದಿನ ಆ ಕಡೆ ಇದ್ದರೆ ಹೋಗಿ.

ಶಿವಮೊಗ್ಗದಿಂದ:
ಗೆಳೆಯರು ಕೇಳಲ್ಲ ಅನ್ನೋ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ, ನಾನು ಕೊಡುತ್ತೇನೆ. ಅರವತ್ತು ಹಾಡಿನ ಪ್ಲೇಲಿಸ್ಟ್ ಕಳಿಸಿದರೆ ಮದುವೆ ಆಲ್ಬಂ ತೋರಿಸಿದ ಹಾಗೆ, ಎದುರಿಗಿರೋರು ಮರ್ಯಾದೆಗೆ ನೋಡುತ್ತಾರೆ. ಒಂದೇ ಹಾಡು ಕಳಿಸಿ, ಒಬ್ಬರಿಗೇ ಕಳಿಸಿ. ಗ್ರೂಪಿಗೆ ಹಾಕಿದ್ದು ಯಾರಿಗೂ ಹಾಕಿದ್ದಲ್ಲ. ಯಾಕೆ ಕಳಿಸಿದೆ ಅಂತ ಒಂದು ಸಾಲು ಬರೆಯಿರಿ, ಅದೂ ಅವರ ರುಚಿ ಹಿಡಿದು. 'ನಿನಗೆ ಅಶ್ವತ್ಥ್ ಇಷ್ಟ ಅಲ್ವಾ, ಇದರಲ್ಲಿ ಎರಡನೇ ಚರಣಕ್ಕೆ ಡ್ರಮ್ಸ್ ಸೇರಿಕೊಳ್ಳೋದು ಕೇಳು' ಅಂದರೆ ಅವರು ಎರಡನೇ ಚರಣದವರೆಗಾದರೂ ಇರುತ್ತಾರೆ. 'ಸೂಪರ್, ಕೇಳಲೇಬೇಕು' ಅಂದರೆ ಯಾರೂ ಒತ್ತಲ್ಲ. ನಿಮಗೆ ಅತಿ ಇಷ್ಟವಾದ ಹಾಡನ್ನೇ ಮೊದಲು ಕಳಿಸಬೇಡಿ, ಅದು ಸಾಮಾನ್ಯವಾಗಿ ಹತ್ತು ಸಲ ಕೇಳಿದ ಮೇಲೆ ಹತ್ತಿದ್ದಾಗಿರುತ್ತೆ. ಮೊದಲ ಸಲಕ್ಕೇ ಹಿಡಿಯೋದನ್ನ ಕಳಿಸಿ. ಕೇಳಿದೆಯಾ ಕೇಳಿದೆಯಾ ಅಂತ ಬೆನ್ನು ಬೀಳಬೇಡಿ. ಎಲ್ಲಕ್ಕಿಂತ ಒಳ್ಳೇದು, ಕಾರಿನಲ್ಲಿ ಸುಮ್ನೆ ಹಾಕಿ, ಹೆಸರು ಹೇಳಬೇಡಿ. ಇದು ಯಾರದ್ದು ಅಂತ ಅವರೇ ಕೇಳಿದರೆ ಗೆದ್ದಿರಿ.

ಬೆಂಗಳೂರಿನ ಸೌಂಡ್‌ನವರು, ಮತ್ತೆ:
ಮೇಷ್ಟ್ರ ಚಿಕ್ಕಲ್ಲೂರು ಒಪ್ಪಿದೆ, ಇಂದಿರಾನಗರದ ಏಟೂ ಒಪ್ಪಿದೆ. ಆದರೆ ಅಲ್ಲಿ ಲೈವ್ ಹಾಡುವ ಜಾಗಗಳೂ ಒಂದೊಂದೇ ಹೋಗುತ್ತಿವೆ. ಹಮ್ಮಿಂಗ್ ಟ್ರೀ 2019ರಲ್ಲೇ ಮುಚ್ಚಿತು. ಈಗ ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್‌ನಲ್ಲಿ ಎಷ್ಟೋ ಕಾರ್ಯಕ್ರಮ ಪುಕ್ಕಟೆ, ಜೆ.ಪಿ. ನಗರದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್‌ನಲ್ಲೂ ಆಗಾಗ ಏನಾದರೂ ಇರುತ್ತೆ. ಹೋಗುವಾಗ ಮುಖ್ಯ ತಂಡಕ್ಕಿಂತ ಒಂದು ಗಂಟೆ ಮುಂಚೆ ಹೋಗಿ. ಮೊದಲು ಹಾಡುವವರ ಎದುರು ಖಾಲಿ ಕುರ್ಚಿ ಇರುತ್ತೆ. ನೀವು ಹುಡುಕುತ್ತಿರೋ ಹೆಸರು ಅದೇ ಆಗಿರಬಹುದು.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಪೀಪಲ್ ಟ್ರೀ ಈಗ ಓಡ್ತಾ ಇದೆ, ಆಮೇಲೆ ಮಳವಳ್ಳಿ. ಶಿವಮೊಗ್ಗದವರ ಮಾತಿನಂತೆ ತಮ್ಮನಿಗೆ ಒಂದೇ ಒಂದು ಕಳಿಸಿದೆ, ನೋಡೋಣ. ಮೇಷ್ಟ್ರೇ, ಚಿಕ್ಕಲ್ಲೂರಿಗೆ ಬೆಂಗಳೂರಿನಿಂದ ಹೋಗೋದು ಹೇಗೆ? ರಾತ್ರಿ ಉಳಿಯೋಕೆ ಏನು ವ್ಯವಸ್ಥೆ?

ಮೈಸೂರಿನ ಮೇಷ್ಟ್ರು:
ಕೊಳ್ಳೇಗಾಲಕ್ಕೆ ಬನ್ನಿ, ಅಲ್ಲಿಂದ ಜಾತ್ರೆ ಬಸ್ಸು ಸಿಗುತ್ತೆ. ಲಾಡ್ಜ್ ಬೇಕು ಅಂದರೆ ಕೊಳ್ಳೇಗಾಲದಲ್ಲೇ ನೋಡಿಕೊಳ್ಳಿ. ಹಾಡು ಬೇಕು ಅಂದರೆ ಲಾಡ್ಜ್ ಬಿಡಿ, ಒಂದು ಚಾಪೆ, ದಪ್ಪ ಕಂಬಳಿ ತನ್ನಿ. ಜನವರಿಯ ಚಳಿ ಜೋರಾಗೇ ಇರುತ್ತೆ.